ಮೂರು ಸೇರು ರಾಗಿಯ ಕೂಸು

ಆಗ ಬೆಳಿಗ್ಗೆ ಬಸ್ಸು ಹತ್ತಿ ಊರು ಬಿಟ್ಟವರು ಸಂಜೆ ಬಸ್ಸು ಇಳಿಯುವ ತನಕ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಮನೆಯವರಿಗೆ ತಿಳಿಯುತ್ತಿರಲಿಲ್ಲ. ಮೊಬೈಲು ಇನ್ನೂ ದೊಡ್ಡ ಮನುಷ್ಯರ ಜೇಬಿನಲ್ಲಿ ಮಾತ್ರ ಇತ್ತು. ಭೀಮನಬೀಡಿನಲ್ಲಿ ನಮ್ಮ ಬೀದಿಗೆಲ್ಲ ಸೇರಿ ಒಂದೇ ಫೋನು. ಅದೂ ಮೂಲೆಮನೆಯ ಗೋಡೆಗೂಡಿನಲ್ಲಿ ಮದುವಣಗಿತ್ತಿಯ ಹಾಗೆ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮಕ್ಕಳು ಬೀದಿಯಲ್ಲಿ ಕುಂಟಾಬಿಲ್ಲೆ ಆಡಿ, ಮಣ್ಣು ಮೆತ್ತಿಕೊಂಡು, ಅದೇ ಕೈಯಲ್ಲಿ ಕಡಲೆಪುರಿ ತಿನ್ನುತ್ತಿದ್ದರು.

ಎಲ್ಲರೂ ಅವರವರ ಬಾಲ್ಯ ಬರೆಯುತ್ತಾರೆ. ನನ್ನ ಬಾಲ್ಯ ಕಳೆ ಕೀಳುವುದರಲ್ಲಿ, ತಮ್ಮಂದಿರನ್ನು ಸೊಂಟದ ಮೇಲೆ ಹೊರುವುದರಲ್ಲಿ ಮುಗಿದುಹೋಯಿತು. ಅದನ್ನು ನೆನಪಿಟ್ಟುಕೊಳ್ಳಲು ಪುರುಸೊತ್ತೇ ಇರಲಿಲ್ಲ. ಮೊದಲಿಂದ ಕೊನೆಯ ತನಕ ನಾನು ಕಣ್ಣಾರೆ ಕಂಡ ಬಾಲ್ಯ ಒಂದೇ, ನನ್ನ ಮೊಮ್ಮಗಳು ಸಿಂಚನಳದು. ಅದರಲ್ಲಿ ಒಂದು ದಿನವನ್ನು ಕೆಡಿಸಿದವಳೂ ನಾನೇ. ಫೋನಿನಲ್ಲಿ ಕನ್ನಡ ಅಕ್ಷರ ಒತ್ತುವುದನ್ನು ಈಗ ತಾನೇ ಕಲಿತಿದ್ದೇನೆ. ಒಂದೇ ಬೆರಳಿನಲ್ಲಿ, ಒತ್ತಕ್ಷರ ಸಿಕ್ಕಾಗಲೆಲ್ಲ ಅದನ್ನು ಬೈದುಕೊಂಡು, ಆ ದಿನದ ಕತೆಯನ್ನೇ ಮೊದಲು ಬರೆಯುತ್ತಿದ್ದೇನೆ.

ನನ್ನ ಸೊಸೆ ಲತಾಳಿಗೆ ಮೊದಲ ಎರಡು ಕೂಸು ನಿಲ್ಲಲಿಲ್ಲ. ಒಂದು ಹುಟ್ಟಿದ ಮೂರನೇ ದಿನಕ್ಕೆ ಹೋಯಿತು, ಇನ್ನೊಂದು ಐದು ತಿಂಗಳಿಗೆ. ಸಿಂಚನ ಮೂರನೆಯವಳು. ನಾಲ್ಕು ತಿಂಗಳಾಗಿದ್ದಾಗ ಅವಳಿಗೂ ಜ್ವರ ಬಂತು. ಗುಂಡ್ಲುಪೇಟೆಯ ಡಾಕ್ಟರು ಸೂಜಿ ಚುಚ್ಚಿ, ಔಷಧ ಕೊಟ್ಟು, ಎರಡು ದಿನ ನೋಡಿ ಅಂದರು. ಮಾರನೆಯ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಡಮರುಗದ ಸದ್ದಾಯಿತು. ಗೊರವಯ್ಯ ಬಂದಿದ್ದ.

ಗೊರವಯ್ಯನನ್ನು ಕಾಣದವರಿಗೆ ಹೇಳುತ್ತೇನೆ. ತಲೆಯ ಮೇಲೆ ಕರಡಿ ಕೂದಲಿನ ಎತ್ತರದ ಟೊಪ್ಪಿ, ಮೈಮೇಲೆ ಕರಿಯ ಕಂಬಳಿ, ಕೊರಳಲ್ಲಿ ಕವಡೆ ಸರ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಕೊಳಲು, ಹೆಗಲಲ್ಲಿ ಜೋಳಿಗೆ. ದೇವರ ಹೆಸರಲ್ಲಿ ಕುಣಿದು, ಮನೆಮನೆಯಲ್ಲಿ ರಾಗಿ ಈಸಿಕೊಂಡು, ಹಣೆಗೆ ಅರಿಸಿನದ ಭಂಡಾರ ಹಚ್ಚಿ ಹೋಗುವವನು. ಆವತ್ತು ಬಂದವನು ಹರವೆ ಕಡೆಯವನು, ಪ್ರತಿ ಸುಗ್ಗಿಗೂ ಬರುವವನು.

ಮಕ್ಕಳು ಉಳಿಯದ ಮನೆಯಲ್ಲಿ ನಮ್ಮ ಕಡೆ ಒಂದು ಪದ್ಧತಿಯಿತ್ತು. ಕೂಸನ್ನು ಗೊರವಯ್ಯನ ಕಂಬಳಿಗೆ ಹಾಕಿ ‘ಇದು ನಿಂದು’ ಅಂತ ಮೂರು ಸಲ ಹೇಳಬೇಕು. ಅವನು ಎತ್ತಿಕೊಂಡು ಹೊಸಿಲು ದಾಟಿ ಬೀದಿಯಲ್ಲಿ ಏಳು ಹೆಜ್ಜೆ ನಡೆಯುತ್ತಾನೆ. ಆಮೇಲೆ ಮನೆಯವರು ಹಿಂದೆ ಹೋಗಿ, ಮೊರದಲ್ಲಿ ರಾಗಿ ಕೊಟ್ಟು, ಕೂಸನ್ನು ಕೊಂಡುಕೊಂಡು ಬರಬೇಕು. ಜವರಾಯ ಈ ಮನೆಯ ಕೂಸನ್ನು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಕೂಸೇ ಇಲ್ಲ, ಇರುವುದು ಯಾರದೋ, ರಾಗಿಗೆ ತಂದದ್ದು. ಅವನು ಬಂದ ದಾರಿಗೆ ಸುಂಕವಿಲ್ಲದೆ ಹೋಗಬೇಕು. ಆದರೆ ಒಂದು ಕಟ್ಟಳೆಯಿತ್ತು. ಮೊದಲ ಹಾಲುಹಲ್ಲು ಬೀಳುವ ತನಕ ಮನೆಯವರು ಯಾರೂ ಬಾಯಿಬಿಟ್ಟು ‘ಇದು ನಮ್ಮದು’ ಅನ್ನಬಾರದು. ಅಂದರೆ ಅವನಿಗೆ ಕೇಳಿಸಿಬಿಡುತ್ತದೆ.

ನಾನು ಮೂರು ಸೇರು ರಾಗಿ ಕೊಟ್ಟು ತಂದೆ. ಸಂಜೆಗೆ ಜ್ವರ ಇಳಿಯಿತು. ಡಾಕ್ಟರ ಸೂಜಿಯೂ ಬಿದ್ದಿತ್ತು, ನಿಜ. ಆದರೂ ನಾನು ಗೆಲುವನ್ನು ಗೊರವಯ್ಯನಿಗೇ ಬರೆದೆ. ಲತಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಒಳಗೆ ಹೋದಳು. ಆದರೆ ಆಮೇಲೆ ಆರು ವರ್ಷ ಅವಳ ಬಾಯಲ್ಲಿ ‘ನನ್ನ ಮಗಳು’ ಎಂಬ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ‘ಸಿಂಚನ’ ಅನ್ನುತ್ತಿದ್ದಳು, ‘ಕೂಸು’ ಅನ್ನುತ್ತಿದ್ದಳು, ಅಷ್ಟೇ.

ನನಗೆ ಸುಮ್ಮನಿರುವ ಗುಣವಿಲ್ಲ. ಹೇಳಬಾರದ ಮಾತನ್ನು ಹೇಳದೆ ಉಳಿಯಲು ನಾನು ತಮಾಷೆಯ ದಾರಿ ಹಿಡಿದೆ. ಸಿಂಚನ ಮಾತು ಕಲಿತಾಗಿನಿಂದ ಅವಳನ್ನು ರೇಗಿಸುವುದೇ ನನಗೊಂದು ಕೆಲಸವಾಯಿತು.

“ನೀ ನಮ್ಮವ್ಳಲ್ಲ ಕಣಮ್ಮಿ. ಗೊರವಯ್ಯನತ್ರ ಮೂರು ಸೇರು ರಾಗಿ ಕೊಟ್ಟು ಈಸ್ಕೊಂಡಿದ್ದು.”

“ಮೂರೇ ಸೇರಾ ಅಜ್ಜಿ?”

“ನಾ ಎರಡಕ್ಕೇ ಕೇಳ್ದೆ. ಅವ್ನು ಒಪ್ಲಿಲ್ಲ.”

ಅವಳು ಬಿದ್ದುಬಿದ್ದು ನಗುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಅದೇ ಹಾಡು ಹಾಡುತ್ತಿದ್ದರು. “ಏನಮ್ಮಿ, ಗೊರವಯ್ಯನ ಮಗ್ಳೆ, ನಿಮ್ಮಪ್ಪ ಯಾವಾಗ್ ಬತ್ತಾನೆ ಕರ್ಕೊಂಡೋಗಾಕೆ?” ಅನ್ನುತ್ತಿದ್ದರು. ಊಟ ಬಿಟ್ಟರೆ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳದಿದ್ದರೆ, ನಾನು ಬಾಗಿಲ ಕಡೆ ತಿರುಗಿ, “ಗೊರವಯ್ಯಾ, ಬಾರಪ್ಪ, ನಿನ್ ಕೂಸ ನೀನೇ ಮಡಿಕ್ಕೊ” ಅಂತ ಕೂಗುತ್ತಿದ್ದೆ. ಐದು ತುಂಬಿದ ಮೇಲೆ ಆ ಮಾತಿಗೆ ಅವಳು ನಗುವುದು ಕಮ್ಮಿಯಾಗಿತ್ತು. ಸುಗ್ಗಿಯಲ್ಲಿ ಡಮರುಗ ಕೇಳಿದರೆ ಹಿತ್ತಲಿಗೆ ಓಡಿ ಹುಲ್ಲಿನ ಮೆದೆಯ ಹಿಂದೆ ಕೂರುತ್ತಿದ್ದಳು. ಅದನ್ನೂ ನಾನು ಆಟವೆಂದೇ ತಿಳಿದೆ.

ಅವಳಿಗೆ ಆರಾದ ವರ್ಷ, ಚಳಿ ಇನ್ನೂ ಬಿಡದ ದಿನಗಳಲ್ಲಿ, ಚಾಮರಾಜನಗರದಲ್ಲಿ ಕಲಾ ಉತ್ಸವ ನಡೆಯಿತು. ಒಂದೇ ಮೈದಾನದಲ್ಲಿ ಮೂರು ವೇದಿಕೆ, ಬೆಳಿಗ್ಗೆಯಿಂದ ಸಂಜೆಯ ತನಕ ಆಟ, ಕುಣಿತ, ಪದ. ಲತಾಳಿಗೆ ಶಾಲೆ, ನನ್ನ ಮಗನಿಗೆ ಕರೆಂಟ್ ಆಫೀಸಿನ ಕೆಲಸ. ನಾನು ಕರ್ಕೊಂಡೋಗ್ತೀನಿ ಅಂದೆ. ನೋಡುವ ಆಸೆ ಅವಳಿಗಿಂತ ನನಗೇ ಹೆಚ್ಚಾಗಿತ್ತು.

“ಅತ್ತೆ, ಕೈ ಬಿಡ್ಬೇಡಿ,” ಅಂದಳು ಲತಾ, ಬಸ್ಸಿನ ಕಿಟಕಿ ಹಿಡಿದುಕೊಂಡು.

“ಬುಡವ್ವ, ನಾನೇನ್ ಮಕ್ಳು ಸಾಕ್ದವ್ಳಲ್ವಾ?”

“ನೀವು ಆಟ ನೋಡ್ತಾ ಮೈ ಮರೀತೀರಿ.”

ಬಸ್ಸಿನಲ್ಲಿ ಯಾರೋ ಅವರೆಕಾಯಿ ಮೂಟೆ ಹಾಕಿದ್ದರು. ತೆರಕಣಾಂಬಿ ದಾಟುವ ತನಕ ಸೊಗಡಿನ ವಾಸನೆ ಮೂಗಿಗೆ ಅಡರಿತ್ತು. ಸಿಂಚನ ನೀಲಿ ಫ್ರಾಕು ಹಾಕಿಕೊಂಡು, ಎರಡು ಜಡೆಗೂ ಕೆಂಪು ಟೇಪು ಕಟ್ಟಿಸಿಕೊಂಡು, ನನ್ನ ತೊಡೆಯ ಮೇಲೆ ನಿಂತೇ ಬಂದಳು.

ಮೈದಾನ ಮುಟ್ಟುವಾಗ ಒಂದನೇ ವೇದಿಕೆಯಲ್ಲಿ ಕಂಸಾಳೆ ಹತ್ತಿತ್ತು. ಒಬ್ಬ ಅಂಗಾತ ಮಲಗಿ, ಅವನ ಎದೆಯ ಮೇಲೆ ಇನ್ನೊಬ್ಬ ನಿಂತು, ಇಬ್ಬರೂ ಕಂಚಿನ ತಾಳ ಬೀಸುತ್ತಿದ್ದರು. ಸಿಂಚನ ಕಣ್ಣು ಪಿಳುಕಿಸಲಿಲ್ಲ. ಅಲ್ಲಿಂದ ತೊಗಲುಗೊಂಬೆಯ ಡೇರೆಗೆ ಹೋದೆವು. ಒಳಗೆ ಕತ್ತಲು, ಪರದೆಯ ಹಿಂದೆ ದೀಪ. ಹತ್ತು ತಲೆಯ ರಾಕ್ಷಸ ಎದ್ದು ನಿಂತದ್ದೇ ಅವಳು ನನ್ನ ಮಡಿಲಿಗೆ ಮುಖ ಹಾಕಿ, “ಓಗಿಲ್ವಾ ಅಜ್ಜಿ ಅವ್ನು, ಓಗಿಲ್ವಾ?” ಅಂತ ಕೇಳುತ್ತಲೇ ಇದ್ದಳು. ಹೊರಗೆ ಬಂದರೆ ಮರಗಾಲು ಕಟ್ಟಿಕೊಂಡವನು ಜನರ ತಲೆಯ ಮೇಲೆ ನಡೆದು ಬರುತ್ತಿದ್ದ.

“ಅಜ್ಜಿ, ಅವ್ನು ನಿಜವಾಗ್ಲೂ ಅಷ್ಟುದ್ದ ಅವ್ನಾ?”

“ಊಂ. ಮುದ್ದೆ ಉಣ್ತಾನೆ. ನಿನ್ನಂಗೆ ಮೂತಿ ತಿರುಗ್ಸಲ್ಲ.”

ಬೊಂಬಾಯಿ ಮಿಠಾಯಿ ಕೊಡಿಸಿದೆ. ಗುಲಾಬಿ ಬಣ್ಣ ಅವಳ ಮೂಗಿನ ತುದಿಗೂ ಅಂಟಿತು. ಬೇಲಿಯ ಪಕ್ಕ ಕೂತು ಲತಾ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆವು. ದೂಳು, ಸುಟ್ಟ ಜೋಳ, ಎಣ್ಣೆಬೋಂಡ, ವೇದಿಕೆಗೆ ಕಟ್ಟಿದ ಮಾವಿನ ಸೊಪ್ಪು ಎಲ್ಲದರ ವಾಸನೆ ಸೇರಿ ಒಂದೇ ವಾಸನೆಯಾಗಿತ್ತು. ಅಷ್ಟು ಹೊತ್ತಿಗೆ ಎರಡನೇ ವೇದಿಕೆಯಿಂದ ಡಮರುಗ ಕೇಳಿಸಿತು. ಒಂದಲ್ಲ, ಹತ್ತಾರು.

ಸಿಂಚನಳ ಬಾಯಿ ಅಗಿಯುವುದನ್ನು ನಿಲ್ಲಿಸಿತು.

“ಬಾ, ನಿಮ್ಮಪ್ಪನ ನೆಂಟ್ರೆಲ್ಲ ಬಂದವ್ರೆ,” ಅಂದೆ ನಾನು. ಅವಳು ಬರಲ್ಲ ಅಂದಳು. ನಾನು ಎಳೆದುಕೊಂಡೇ ಹೋದೆ.

ಹನ್ನೆರಡು ಜನ ಗೊರವಯ್ಯರು ಸಾಲಾಗಿ ಕುಣಿದರು. ಕಂಬಳಿ ಗಾಳಿಗೆ ಹಾರಿ, ಕರಡಿ ಟೊಪ್ಪಿಗಳೆಲ್ಲ ಒಟ್ಟಿಗೆ ಬಾಗಿ ಏಳುವಾಗ ನಿಜವಾದ ಕರಡಿ ಹಿಂಡೇ ಬಂದ ಹಾಗಿತ್ತು. ಆಟ ಮುಗಿಸಿ ಇಳಿದವರಲ್ಲಿ ಒಬ್ಬ ನೆಟ್ಟಗೆ ನಮ್ಮ ಕಡೆಗೇ ಬಂದ. ಹರವೆ ಕಡೆಯ ಆ ಗೊರವಯ್ಯ, ನಮ್ಮವನೇ. ಬೆವರಿಗೆ ಹಣೆಯ ಭಂಡಾರ ಕರಗಿ ಕೆನ್ನೆಗೆ ಇಳಿದಿತ್ತು.

“ಅವ್ವಾ, ಭೀಮನಬೀಡಿನವ್ರಲ್ವಾ?”

“ಔದು ಕಣಪ್ಪ. ಕಣ್ಣು ಚೆನ್ನಾಗೇ ಅವೆ ನಿಂಗೆ.”

“ಇದೇಯಾ ನಮ್ ಕೂಸು? ನನ್ ಕಂಬ್ಳೀಲಿ ಬಿದ್ದಾಗ ಬೆಕ್ಕಿನಮರಿಯಂಗಿತ್ತು. ಬೆಳ್ದುಬುಟ್ಟದೆ.”

“ಬೆಳೀದೆ ಏನು? ತಿಂದಿರಾದೆಲ್ಲ ನಮ್ ರಾಗಿ.”

“ಸಾಕಿದ್ದು ಸಾಕು ಬುಡಿ ಅವ್ವ. ಇವತ್ತು ಕರ್ಕೊಂಡೊಯ್ತೀನಿ. ನಮ್ಮನೇಲಿ ಕುರಿ ಮೇಯ್ಸಾಕೆ ಒಬ್ಳು ಬೇಕು.”

“ಕರ್ಕೊಂಡೋಗಪ್ಪ. ಮೂರು ಸೇರು ರಾಗಿ ಇಲ್ಲಿ ಮಡಗ್ಬುಟ್ಟು ಈಗ್ಲೇ ಕರ್ಕೊಂಡೋಗು. ಏಳಿದ್ ಮಾತ್ ಕೇಳಲ್ಲ, ಹಾಲು ಕುಡಿಯಲ್ಲ. ನಂಗೂ ಸಾಕಾಗದೆ.”

ಅವನು ಜೋಳಿಗೆಯ ಬಾಯಿ ಅಗಲಿಸಿ, ಸೊಂಟ ಬಗ್ಗಿಸಿ, ಗೊರವಯ್ಯರು ದೇವರ ಮುಂದೆ ನಾಯಿಯ ಹಾಗೆ ಬೊಗಳುತ್ತಾರಲ್ಲ, ಹಾಗೆ ಎರಡು ಸಲ ಬೊಗಳಿದ. ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ಸುತ್ತ ನಿಂತವರೂ ನಕ್ಕರು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಳ್ಳಲು ಕೈ ಎತ್ತಿದೆ. ಅವಳನ್ನು ಹಿಡಿದಿದ್ದ ಕೈ ಅದೇ.

ಒರೆಸಿಕೊಂಡು ನೋಡಿದರೆ ಅವಳಿಲ್ಲ.

ಮೊದಲು ನನಗೆ ಹೆದರಿಕೆಯಾಗಲಿಲ್ಲ. ನನ್ನ ಹಿಂದೆ ಅಡಗಿದ್ದಾಳೆ ಅಂತ ತಿರುಗಿದೆ. ಸೀರೆಯ ನೆರಿಗೆ ನೋಡಿದೆ. ಗೊರವಯ್ಯ ಕಂಬಳಿ ಎತ್ತಿ ತೋರಿಸಿ, “ಇಲ್ಲಿಲ್ಲ ಕಣವ್ವ,” ಅಂತ ಇನ್ನೂ ನಗುತ್ತಲೇ ಇದ್ದ. “ಸಿಂಚನಾ,” ಅಂತ ಕರೆದೆ. ಎರಡನೇ ಸಲ ಕರೆದೆ. ಮೂರನೇ ಸಲಕ್ಕೆ ನನ್ನ ದನಿ ನನ್ನದಾಗಿರಲಿಲ್ಲ. ಗೊರವಯ್ಯನ ನಗುವೂ ಅಲ್ಲಿಗೆ ನಿಂತಿತು.

ಮೈದಾನದ ತುಂಬ ಕಾಲುಗಳು. ಪಂಚೆಯ ಕಾಲು, ಪ್ಯಾಂಟಿನ ಕಾಲು, ಸೀರೆಯ ಅಂಚು. ನಾನು ಬಗ್ಗಿ ಬಗ್ಗಿ ಆ ಕಾಲುಗಳ ನಡುವೆ ನೀಲಿ ಬಣ್ಣ ಹುಡುಕಿದೆ. ನೀಲಿ ಕಂಡಲ್ಲೆಲ್ಲ ಓಡಿದೆ. ಒಂದು ಬಕೆಟ್ಟು, ಒಂದು ಟಾರ್ಪಾಲು, ಯಾರದೋ ಮಗು. ಆ ಮಗುವಿನ ತೋಳು ಹಿಡಿದು ತಿರುಗಿಸಿದಾಗ ಅದರ ತಾಯಿ ನನ್ನ ಕೈ ಕಿತ್ತು, “ಏನಜ್ಜಿ ಮಾಡ್ತಾ ಇದ್ದೀರಿ?” ಅಂತ ಗದರಿದಳು. ಡೊಳ್ಳು ಶುರುವಾಯಿತು. ಇನ್ನು ಕೂಗಿದರೆ ಪಕ್ಕದಲ್ಲಿದ್ದವರಿಗೂ ಕೇಳದು.

ಮೈಕಿನವನ ಹತ್ತಿರ ಹೋದೆವು. ಗೊರವಯ್ಯನೇ ಮುಂದೆ ನುಗ್ಗಿ ದಾರಿ ಮಾಡಿದ. ಹೆಸರು, ಊರು, ಬಟ್ಟೆಯ ಬಣ್ಣ ಎಲ್ಲ ಕೇಳಿಕೊಂಡು ಅವನು ಪುಸ್ತಕದ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದ. “ಭೀಮನಬೀಡಿನ ಸಿಂಚನ ಎಂಬ ಬಾಲಕಿ ಎಲ್ಲಿದ್ದರೂ ಕೂಡಲೇ ಎರಡನೇ ವೇದಿಕೆಯ ಬಳಿ ಬರಬೇಕು. ನಿಮ್ಮ ಅಜ್ಜಿ ಹಾಗೂ ಗೊರವಯ್ಯನವರು ನಿಮಗಾಗಿ ಕಾಯುತ್ತಿದ್ದಾರೆ.”

ಹೀಗೆ ನಾಲ್ಕು ಸಲ ಹೇಳಿದ. ಪ್ರತಿ ಸಲವೂ ನಾನು ಅವನಿಗೆ ಕೈ ಮುಗಿದೆ. ಅದನ್ನು ಕೇಳಿಸಿಕೊಳ್ಳುವ ಕೂಸಿಗೆ ಅದು ಹೇಗೆ ಕೇಳಿಸೀತು ಅಂತ ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ.

ಒಬ್ಬಳು ಹೂವಿನವಳು, “ನೀಲಿ ಲಂಗದ ಮಗ ಒಂದು ಕೊಳದ ಕಡೆ ಓಡ್ತಿತ್ತು,” ಅಂದಳು. ಲಂಗವೋ ಫ್ರಾಕೋ ಅಂತ ಕೇಳಲೂ ನಿಲ್ಲದೆ ನಾನು ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಕೊಳದ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ನೀರು ಹಸಿರಾಗಿ, ಅಲುಗದೆ ನಿಂತಿತ್ತು. ಕೊನೆಯ ಮೆಟ್ಟಿಲ ತನಕ ಇಳಿದೆ. ನೀರಿನಲ್ಲಿ ಕೆಂಪು ಟೇಪು ತೇಲುತ್ತಿದೆಯೇ ಅಂತ ಹುಡುಕಿದೆ. ನನ್ನ ಪಕ್ಕದಲ್ಲಿ ನಿಂತು ಗೊರವಯ್ಯ ತನ್ನ ಉದ್ದ ಕೊಳಲನ್ನು ನೀರಿಗಿಳಿಸಿ ಆಳ ನೋಡಿದ. ಅಷ್ಟು ಉದ್ದಕ್ಕೂ ತಳ ಸಿಗಲಿಲ್ಲ.

“ಇಲ್ಲ ಕಣವ್ವ. ಮೆಟ್ಲ ಮ್ಯಾಲೆ ಒಂದು ಒದ್ದೆ ಹೆಜ್ಜೇನೂ ಇಲ್ಲ. ಇಲ್ಲಿಗೆ ಬಂದಿಲ್ಲ,” ಅಂದ.

“ಬಸ್ ಸ್ಟ್ಯಾಂಡು,” ಅಂದೆ ನಾನು.

ಸತ್ಯಮಂಗಲಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಪುಣಜನೂರು ದಾಟಿದರೆ ಆ ದಾರಿಯೆಲ್ಲ ಕಾಡು. ನಾನು ಹತ್ತಿ ಒಂದೊಂದೇ ಸೀಟಿನ ಅಡಿ ನೋಡಿದೆ. ಕಂಡಕ್ಟರು ಬೈಯಲಿಲ್ಲ. ನನ್ನ ಮುಖ ನೋಡಿ ಸೀಟಿ ಊದದೆ ಕಾದ. ಅವನು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಮತ್ತೆ ಮೈದಾನಕ್ಕೆ ಬಂದೆವು. ನೆರಳು ಉದ್ದವಾಗುತ್ತಿತ್ತು. ವೇದಿಕೆಯ ಹಿಂದೆ ಶಾಲೆಯ ಮಕ್ಕಳಿಗೆ ವೇಷ ಹಾಕುವ ಡೇರೆಯಿತ್ತು. ಬೆಳಿಗ್ಗೆ ಅದರ ಮುಂದೆ ಹೋಗುವಾಗ ಸಿಂಚನ ಇಣುಕಿ ನೋಡಿದ್ದಳು. ನಾನು ಪರದೆ ಸರಿಸಿದೆ. ಪುಣಜನೂರು ಕಡೆಯ ಶಾಲೆಯ ಮಕ್ಕಳು, ಕಾಡಿನ ಕುಣಿತಕ್ಕೆ ತಯಾರಾಗಿದ್ದವು. ಗೋಡೆಯುದ್ದಕ್ಕೆ ಪುಟ್ಟ ಪುಟ್ಟ ಹುಲಿಗಳು ಸಾಲಾಗಿ ಕೂತಿದ್ದವು. ಮುಖಕ್ಕೆಲ್ಲ ಹಳದಿ ಬಣ್ಣ, ಕರಿಯ ಪಟ್ಟೆ, ಮೈಗೆ ಹಳದಿ ಬಟ್ಟೆ.

“ಮೇಡಮ್ಮಾರೆ, ನೀಲಿ ಫ್ರಾಕಿನ ಕೂಸೊಂದು ಇಲ್ಲಿಗೆ ಬಂದಿತ್ತಾ?”

“ಇಲ್ಲ ಅಜ್ಜಿ. ಇಲ್ಲಿರೋವೆಲ್ಲಾ ನಮ್ ಹುಲಿಗಳೇ,” ಅಂದಳು ಬಣ್ಣ ಹಚ್ಚುತ್ತಿದ್ದ ಟೀಚರು, ತಲೆ ಎತ್ತದೆ.

ಹುಲಿಗಳೆಲ್ಲ ನನ್ನನ್ನೇ ನೋಡಿದವು. ಒಂದೂ ಉಸಿರೆತ್ತಲಿಲ್ಲ. ನಾನು ಪರದೆ ಬಿಟ್ಟು ಹೊರಟೆ. ಸ್ವಲ್ಪ ಹೊತ್ತಿಗೆ ಅದೇ ಡೇರೆಗೆ ಇನ್ನೊಂದು ಸಲ ಬಂದು ಅದೇ ಮಾತು ಕೇಳಿ ಹೋದೆ.

ಆಮೇಲೆ ಹುಡುಕಲು ಇನ್ನೊಂದು ಜಾಗ ಉಳಿದಿರಲಿಲ್ಲ. ಮಣ್ಣಿನ ಮೇಲೆ ಕೂತೆ. ಗುಂಡ್ಲುಪೇಟೆಯ ಕಡೆಗೆ ಬಸ್ಸು ಇನ್ನೊಂದೋ ಎರಡೋ ಇದ್ದವು. ಅದರಲ್ಲಿ ಒಬ್ಬಳೇ ಇಳಿಯುವುದನ್ನು ಯೋಚಿಸಿದೆ. ಲತಾ ಬಸ್ಸಿನ ಬಾಗಿಲು ನೋಡುತ್ತಾಳೆ. ನನ್ನ ಹಿಂದೆ ಕೂಸು ಇಳಿಯುತ್ತದೆ ಅಂತ ಕಾಯುತ್ತಾಳೆ. ಬಸ್ಸು ಹೊರಡುತ್ತದೆ. ಅದರಾಚೆಗೆ ಯೋಚನೆ ಹೋಗಲಿಲ್ಲ.

ಗೊರವಯ್ಯ ನನ್ನೆದುರು ಕುಕ್ಕರಗಾಲಲ್ಲಿ ಕೂತ. “ನಾ ಬೊಗಳ್ಬಾರ್ದಾಗಿತ್ತು ಅವ್ವ,” ಅಂದ.

“ನೀ ದಿನಾ ಬೊಗಳೋನು. ನಾನು ಕೊಟ್ಬುಟ್ಟೆ ಅಂದ್ನಲ್ಲ.” ಇನ್ನೊಂದು ಮಾತೂ ನನ್ನ ಬಾಯಿಂದ ಬಂತು. “ಆರು ವರ್ಸ ಅವ್ನ ಏಮಾರ್ಸಿದ್ದೆ ಕಣಪ್ಪ. ಇವತ್ತು ನಾನಾಡಿದ್ ಮಾತ ಅವ್ನೇ ಕೇಳುಸ್ಕೊಂಡ್‌ಬುಟ್ನಾ?”

ಜವರಾಯನ ಹೆಸರನ್ನು ನಾನು ಎತ್ತಲಿಲ್ಲ, ಯಾರು ಅಂತ ಗೊರವಯ್ಯನೂ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

ಆಗ ಆ ಬಣ್ಣದ ಟೀಚರು ಕೈಯಲ್ಲಿ ಕುಂಚ ಹಿಡಿದುಕೊಂಡೇ ನಮ್ಮ ಹತ್ತಿರ ಬಂದಳು.

“ಅಜ್ಜಿ, ವೇದಿಕೆಗೆ ಬಿಡಕ್ಕೆ ಎಣಿಸ್ದೆ. ನಮ್ ಹತ್ರ ಒಂದು ಹುಲಿ ಜಾಸ್ತಿ ಅದೆ.”

ನಾನು ಎದ್ದದ್ದು ನೆನಪಿಲ್ಲ, ಡೇರೆಯೊಳಗೆ ಇದ್ದದ್ದು ನೆನಪಿದೆ. ವೇಷದ ಬಟ್ಟೆಯ ಪೆಟ್ಟಿಗೆಗೂ ಡೇರೆಯ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಹುಲಿ ಹಿಮ್ಮುಖವಾಗಿ ತೂರಿಕೊಂಡು ಕೂತಿತ್ತು. ಮುಖದ ಹಳದಿ ಬಣ್ಣದ ಮೇಲೆ ಕಣ್ಣೀರು ಇಳಿದು ಎರಡು ದಾರಿ ಮಾಡಿತ್ತು.

“ಹಳದಿ ಬಟ್ಟೆ ಹಾಕ್ಕೊಂಡೇ ಸರತಿಯಲ್ಲಿ ಬಂದು ನಿಂತ್ಲು,” ಅಂದಳು ಟೀಚರು. “ನಂಗೂ ಬಳೀರಿ ಮಿಸ್, ಯಾರ್ಗೂ ಗೊತ್ತಾಗ್ಬಾರ್ದು ಅಂದ್ಲು. ನಮ್ಮವಳೇ ಅನ್ಕೊಂಡೆ.”

“ಬಾ ಕೂಸು,” ಅಂತ ಕೈ ಚಾಚಿದೆ.

ಅವಳು ಇನ್ನೂ ಹಿಂದಕ್ಕೆ ಸರಿದಳು. ನನಗೆ ಆಗ ಅರ್ಥವಾಯಿತು. ಗೊರವಯ್ಯ ಬಾಗಿಲಲ್ಲೇ ನಿಂತಿದ್ದ. ಅವಳು ಅವನ ಕಡೆ ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದದ್ದು ನನ್ನ ಕೈಯನ್ನು.

“ರಾಗಿ ಈಸ್ಕೊಂಡ್ಯಾ ಅಜ್ಜಿ?” ಅಂದಳು.

“ಇಲ್ಲ ಕಣವ್ವ.”

“ಮತ್ತೆ ಮೈಕಲ್ಲಿ ಏಳುದ್ರಲ್ಲ, ಗೊರವಯ್ಯ ಕಾಯ್ತಾವ್ನೆ ಅಂತ. ನೀನೂ ಕಾಯ್ತಿದ್ಯಂತೆ. ಎರಡು ಸಲ ಬಂದೆ ನನ್ನ ಇಡ್ಕೊಡಾಕೆ.”

ಗೊರವಯ್ಯ ಬಾಗಿಲಲ್ಲೇ ಕೂತುಬಿಟ್ಟ. ಬೋಳುತಲೆಯನ್ನು ಅವಳಿಗೆ ಕಾಣುವ ಹಾಗೆ ಬಗ್ಗಿಸಿ, “ನೋಡವ್ವ, ನಾ ಕರಡೀನೂ ಅಲ್ಲ, ನಾಯೀನೂ ಅಲ್ಲ. ಮಾರಿದ್ ಮ್ಯಾಲೆ ನಂದೇನೂ ಇಲ್ಲ. ನಿಮ್ಮಜ್ಜಿ ಬರೀ ಸುಳ್ಳಿ. ನಾ ಅವ್ರಿಗಿಂತ ದೊಡ್ ಸುಳ್ಳ,” ಅಂದ.

ಅವಳು ಅದಕ್ಕೂ ಅಲುಗಲಿಲ್ಲ. ನನ್ನನ್ನೇ ಕೇಳಿದಳು.

“ನಾನು ಯಾರವ್ಳು? ಅಜ್ಜಿ, ನೀನೇಳು.”

ಆರು ವರ್ಷದಿಂದ ನುಂಗಿಕೊಂಡಿದ್ದ ಮಾತು. ಅವಳ ಮೊದಲ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಮಣ್ಣು ಮಾಡಿದ ಎರಡು ಕೂಸಿನ ಮುಖ ನನ್ನ ಕಣ್ಣಿಗೆ ಬಂತು. ಅವೆರಡನ್ನೂ ನಾವು ಬಾಯಿ ತುಂಬ ನಮ್ಮದು, ನಮ್ಮದು ಅಂದಿದ್ದೆವು. ಹೇಳಿದರೆ ಏನಾಗುವುದೋ. ಹೇಳದಿದ್ದರೆ ಈ ಸಂದಿಯಿಂದ ಅವಳನ್ನು ಎಳೆದು ತರಬಹುದು, ಆದರೆ ಅವಳು ಬರುವುದಿಲ್ಲ.

ನಾನು ಮಂಡಿಯೂರಿ, ಪೆಟ್ಟಿಗೆಯ ಸಂದಿಗೆ ತಲೆ ತೂರಿಸಿ, ಅವಳ ಕಿವಿಯ ಹತ್ತಿರಕ್ಕೆ ಬಾಯಿ ತಂದೆ. ಹೇಳಲು ಉಸಿರೆಳೆದುಕೊಂಡದ್ದೇ ತಡ, ನನ್ನ ಬೆನ್ನ ಹಿಂದೆ ಡಮರುಗ ಗುಡುಗಿತು. ಗೊರವಯ್ಯ ಎದ್ದು ನಿಂತು, ಕೈ ಮುರಿದುಹೋಗುವ ಹಾಗೆ ಅಲ್ಲಾಡಿಸುತ್ತಿದ್ದ. ಡೇರೆಯ ಹುಲಿಗಳೆಲ್ಲ ಕಿವಿ ಮುಚ್ಚಿಕೊಂಡವು. ಮೇಲಿಂದ ಯಾರು ಕಿವಿಯಿಟ್ಟು ಕೇಳಿದರೂ ಆ ಸದ್ದಿನಲ್ಲಿ ಒಂದು ಮಾತೂ ಕೇಳಿಸುವ ಹಾಗಿರಲಿಲ್ಲ.

“ನೀ ನಮ್ಮವ್ಳು ಕಣವ್ವ,” ಅಂದೆ. “ನಿಮ್ಮಮ್ಮನ ಒಟ್ಟೇಲಿ ಉಟ್ಟಿದ್ದು. ನೀ ನಮ್ಮವ್ಳೇ. ಯಾರ್ಗೂ ಕೊಡಲ್ಲ.”

ಅವಳು ಎರಡು ಕೈಯಲ್ಲೂ ನನ್ನ ಕುತ್ತಿಗೆ ಹಿಡಿದು ಹೊರಗೆ ಬಂದಳು. ಹಳದಿ ಬಣ್ಣವೆಲ್ಲ ನನ್ನ ಕೆನ್ನೆಗೆ, ರವಿಕೆಗೆ ಹತ್ತಿತು. ಆಮೇಲೆಯೇ ಗೊರವಯ್ಯ ಡಮರುಗ ನಿಲ್ಲಿಸಿದ್ದು.

ಬಸ್ಸಿನಲ್ಲಿ ಅವಳು ನಿದ್ದೆ ಹೋದಳು. ಮೈ ಬೆಚ್ಚಗಿದ್ದರೆ ಜ್ವರವೇ ಅಂತ ನಾನು ಹಣೆ ಮುಟ್ಟಿ ಮುಟ್ಟಿ ನೋಡಿದೆ. ಭೀಮನಬೀಡಿನಲ್ಲಿ ಇಳಿದಾಗ ಲತಾ ಕಾಯುತ್ತಿದ್ದಳು. ನಾನು ಏನು ಸುಳ್ಳು ಹೇಳುವುದು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಕಣ್ಣುಜ್ಜಿಕೊಂಡು ಎದ್ದ ಹುಲಿ ಒಂದೇ ಉಸಿರಿಗೆ ಹೇಳಿಬಿಟ್ಟಿತು.

“ಅಮ್ಮಾ, ಅಜ್ಜಿ ನನ್ನ ಕೊಟ್ಬುಟ್ಟಿದ್ಲು. ಆಮೇಲ್ ವಾಪಸ್ ತಕೊಂಡ್ಲು. ನಾನು ನಿಮ್ಮವ್ಳಂತೆ.”

ಲತಾ ಅವಳನ್ನು ಎತ್ತಿಕೊಂಡಳು. ಮನೆಗೆ ಬಂದು, ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಬಟ್ಟೆಯಲ್ಲಿ ಮುಖದ ಬಣ್ಣ ಒರೆಸತೊಡಗಿದಳು. ಕಿವಿಯ ಹಿಂದಿನ ಹಳದಿಯನ್ನು ಉಜ್ಜುವಾಗ, ನನ್ನ ಕಡೆ ತಿರುಗದೆ ಮೆಲ್ಲಗೆ ಕೇಳಿದಳು.

“ಬಾಯಿಬಿಟ್ಟು ಹೇಳಿದ್ರಾ ಅತ್ತೆ?”

“ಊಂ. ಗೊರವಯ್ಯ ಡಮರುಗ ಬಾರ್ಸಿದ.”

“ಜೋರಾಗಿ ಬಾರ್ಸಿದ್ನಾ?”

ವಿಜ್ಞಾನದ ಟೀಚರು ಕೇಳಿದ ಮಾತು ಅದು. ಜೋರಾಗೇ ಬಾರ್ಸಿದ ಅಂದೆ. ಅವಳು ಉಜ್ಜುವುದನ್ನು ಮುಂದುವರಿಸಿದಳು.

ಆಮೇಲಿನ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಹೇಳದೆ ಒಂದು ಕೂಸನ್ನು ಕಾದೆವು. ಅವಳು ಕೆಮ್ಮಿದರೆ ಇಬ್ಬರೂ ಏಳುತ್ತಿದ್ದೆವು. ಅವಳ ಮುಂದಿನ ಹಲ್ಲನ್ನು ದಿನಾ ಒಬ್ಬರಾದರೂ ಮುಟ್ಟಿ ಅಲ್ಲಾಡಿಸಿ ನೋಡುತ್ತಿದ್ದೆವು. ಬೇಸಿಗೆಯ ಒಂದು ಮಧ್ಯಾಹ್ನ ಕಬ್ಬು ಕಚ್ಚುವಾಗ ಅದು ಬಿತ್ತು. ರಕ್ತದ ಬಾಯಿ ತೋರಿಸುತ್ತ ಅವಳು ಅಳುತ್ತಿದ್ದರೆ, ಅವಳ ಅಮ್ಮ ಅವಳನ್ನು ಎತ್ತಿಕೊಂಡು ಬೀದಿಗೆ ಕೇಳುವ ಹಾಗೆ, “ನನ್ ಮಗಳು ಕಣೇ ನೀನು, ನನ್ ಮಗಳು,” ಅನ್ನುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಈಗ ನಮ್ಮ ಕಡೆ ಕೂಸನ್ನು ಯಾರೂ ರಾಗಿಗೆ ಮಾರುವುದಿಲ್ಲ. ಆಸ್ಪತ್ರೆ ಹತ್ತಿರವಾಗಿದೆ, ಕೂಸುಗಳು ಉಳಿಯುತ್ತಿವೆ, ಅದು ಒಳ್ಳೆಯದೇ. ಗೊರವಯ್ಯ ಬರುವುದು ನಿಂತು ಎಷ್ಟೋ ಸುಗ್ಗಿಯಾಯಿತು. ಅವನ ಮಕ್ಕಳು ಟೊಪ್ಪಿ ತೊಡಲಿಲ್ಲವಂತೆ.

ಸಿಂಚನ ಈಗ ಗುಂಡ್ಲುಪೇಟೆಯಲ್ಲಿ ನರ್ಸು. ಹುಲಿ ಜಾಸ್ತಿಯಾದ ಕತೆಯನ್ನು ಅವಳೇ ಎಲ್ಲರಿಗೂ ಹೇಳಿ ನಗಿಸುತ್ತಾಳೆ. ಹೋದ ತಿಂಗಳು ಅವಳು ನನ್ನ ಫೋನಿಗೆ ಕನ್ನಡ ಅಕ್ಷರ ಹಾಕಿಕೊಡುತ್ತಿದ್ದಾಗ ಕೇಳಿದೆ.

“ಆವತ್ತು ಅವ್ನ ಟೊಪ್ಪಿ ಕಂಡು ಅಷ್ಟ್ ಎದ್ರುಕೊಂಡ್ಯಾ?”

“ಟೊಪ್ಪಿ ಕಂಡಲ್ಲ ಅಜ್ಜಿ,” ಅಂದಳು, ಫೋನಿನಿಂದ ಕಣ್ಣೆತ್ತದೆ. “ನಿನ್ನ ಮುಖ ನೋಡ್ದೆ. ನೀನು ನಗ್ತಿದ್ದೆ.”

ಅವಳು ಸಲೀಸಾಗಿ ಹೇಳಿದಳು. ನನಗೆ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಆ ದಿನದ ತನಕ ನಾನು ನಕ್ಕರೆ ಅವಳೂ ನಗುತ್ತಿದ್ದಳು, ಯಾಕೆ ಏನು ಅಂತ ಕೇಳದೆ, ಹೊಟ್ಟೆ ಹಿಡಿದುಕೊಂಡು. ಆಮೇಲೂ ನಕ್ಕಿದ್ದಾಳೆ, ಇವತ್ತಿಗೂ ನಗುತ್ತಾಳೆ, ನಮ್ಮ ಮನೆಯಲ್ಲಿ ನಗುವಿಗೇನೂ ಬರವಿಲ್ಲ. ಆದರೆ ನಾನು ನಕ್ಕಾಗ ಅವಳು ಮೊದಲು ನನ್ನ ಮುಖ ನೋಡುತ್ತಾಳೆ. ನೋಡಿ, ಆಮೇಲೆ ನಗುತ್ತಾಳೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟು ಹೊತ್ತನ್ನು ನೋಡುತ್ತ ನಾನು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ, ಒಂದು ಸಲವಾದರೂ ಅವಳು ನೋಡದೆ ನಕ್ಕುಬಿಡಲಿ ಅಂತ.